ಹನ್ನೊಂದು ವರ್ಷದ ಫಲಾನುಭವಿ

ನಮ್ಮ ಶಾಲೆಯ ಆಯಮ್ಮನ ಕಷ್ಟಗಳನ್ನು ನಾವು ಹನ್ನೊಂದು ಸಲ ಪರಿಹರಿಸಿದ್ದೇವೆ. ಸುಮ್ಮನೆ ಹೇಳುತ್ತಿಲ್ಲ, ದಾಖಲೆ ಇದೆ. ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಹನ್ನೊಂದು ವರದಿಗಳು ಬಣ್ಣದ ರಟ್ಟು ಹಾಕಿಸಿಕೊಂಡು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಬಹುಮಾನದ ನಾಲ್ಕು ಕಪ್ಪುಗಳಿವೆ, ಒಂದರ ಕಿವಿ ಮುರಿದಿದೆ. ಹನ್ನೊಂದನ್ನೂ ತಿದ್ದಿ ತೀಡಿ ಬರೆದವಳು ನಾನು, ಈ ಶಾಲೆಯ ಭಾಷಾ ಟೀಚರು. ಮಕ್ಕಳು ಮೂರು ಸಾಲು ತಂದರೆ ಅದನ್ನು ಮೂರು ಪುಟ ಮಾಡಿಕೊಡು ಅಂತ ಯಾರೂ ನನಗೆ ಹೇಳಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡದ್ದು. ಹೊಗಳಿದರೆ ಉಬ್ಬುವವಳು ನಾನು, ಮುಚ್ಚುಮರೆ ಯಾಕೆ.

ಪದ್ಧತಿ ಹೀಗಿದೆ. ಪ್ರತಿ ವರ್ಷ ಹತ್ತನೇ ತರಗತಿಯವರು ನಾಲ್ಕು ನಾಲ್ಕು ಜನರ ತಂಡ ಕಟ್ಟಿಕೊಂಡು ಸಮಾಜದ ಒಂದು ಸಮಸ್ಯೆ ಹುಡುಕಬೇಕು, ಬಗೆಹರಿಸಬೇಕು, ವರದಿ ಕೊಡಬೇಕು. ನಮೂನೆಯಲ್ಲಿ ‘ಫಲಾನುಭವಿಯ ವಿವರ’ ಅಂತ ಒಂದು ಕಲಂ ಇದೆ. ಅದನ್ನು ತುಂಬಲು ಮಕ್ಕಳು ಊರೆಲ್ಲ ಸುತ್ತಿ ಕಷ್ಟದಲ್ಲಿರುವವರನ್ನು ಹುಡುಕಲಿ ಅನ್ನುವುದು ಮೇಲಿನವರ ಆಸೆ. ಆದರೆ ಬಿಸಿಲಿದೆ, ಟ್ಯೂಷನ್ ಇದೆ, ಬಸ್ಸು ತಪ್ಪಿಹೋಗುತ್ತದೆ. ಆಯಮ್ಮನೋ, ಇಲ್ಲೇ ಕಾರಿಡಾರಿನಲ್ಲಿ ಬಕೆಟ್ ಹಿಡಿದು ನಿಂತಿರುತ್ತಾಳೆ. ಹಾಗಾಗಿ ತಡವಾಗಿ ಎಚ್ಚರಾದ ಯಾವುದಾದರೂ ತಂಡ ಪ್ರತಿ ವರ್ಷ ಅವಳ ಮುಂದೆ ಹೋಗಿ ನಿಲ್ಲುತ್ತಿತ್ತು.

‘ಆಯಮ್ಮ, ನಿಮಗೇನು ಕಷ್ಟ?’

‘ಈ ವರ್ಷ ಯಾವುದರ ಮೇಲೆ ಮಾಡ್ಬೇಕು ಕಂದ?’

‘ಸೋಲಾರ್.’

‘ಹಾಗಾದ್ರೆ ಕತ್ತಲೆ ಅಂತ ಬರ್ಕೋ. ನಮ್ಮನೇಲಿ ಕೈ ಚಾಚಿದ್ರೆ ಕೈ ಕಾಣಲ್ಲ.’

ನೀರಿನ ವರ್ಷ ಅವಳಿಗೆ ನೀರಿನ ಕಷ್ಟ. ಮರಳು ಇದ್ದಿಲು ತುಂಬಿದ ಶೋಧಕದ ಪಕ್ಕ ನಿಂತು ಲೋಟ ಎತ್ತಿ ಫೋಟೋಗೆ ನಕ್ಕಳು, ಕುಡಿಯಲಿಲ್ಲ, ಜಾಣೆ. ತೋಟದ ವರ್ಷ ಅವಳ ಮನೆಯ ತಾರಸಿಯಲ್ಲಿ ಟೊಮೇಟೊ ಬೆಳೆಯಿತು. ಫೋಟೋ ತೆಗೆದದ್ದು ನಮ್ಮ ಶಾಲೆಯ ತಾರಸಿಯ ಮೇಲೆ. ಸಾಕ್ಷರತೆಯ ವರ್ಷವಂತೂ ಕೇಳಬೇಡಿ. ದಿನಾ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಸ್ಟಾಫ್ ರೂಮಿನ ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದಿ ಮುಗಿಸುವ ಹೆಂಗಸು ಅಂದು ಮಕ್ಕಳಿಗೋಸ್ಕರ ಹೆಬ್ಬೆಟ್ಟು ಒತ್ತಿದಳು. ನಾನು ‘ಕಗ್ಗತ್ತಲ ಬಾಳಿನಲ್ಲಿ ಅಕ್ಷರದ ಹಣತೆ ಹೊತ್ತಿಕೊಂಡಿತು’ ಅಂತ ಬರೆದೆ. ಅವಳು ಆ ಕರಡನ್ನು ನಿಂತುಕೊಂಡೇ ಓದಿ, ‘ಟೀಚರ್, ಎರಡನೇ ಪುಟದಲ್ಲಿ ಒಂದು ಒತ್ತು ಬಿಟ್ಟಿದ್ದೀರಿ’ ಅಂದಳು. ನೋಡಿದರೆ, ಬಿಟ್ಟಿದ್ದೆ.

ಯಾಕೆ ಹೀಗೆ ಮಾಡುತ್ತೀ ಅಂತ ಒಮ್ಮೆ ಕೇಳಿದ್ದೆ. ‘ಮಕ್ಕಳು ಪಾಪ, ಮಾರ್ಕ್ಸ್ ಬೇಕಲ್ಲ ಟೀಚರ್. ನನ್ನ ಗಂಟೇನು ಹೋಯ್ತು?’ ಅಂದಳು. ಗಂಟು ಹೋಗುವುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೂರನೇ ವರ್ಷ ಮಾತ್ರ ಅವಳು ನಿಜ ಹೇಳಿದಳು. ಆ ಸಲದ ವಿಷಯ ನಡೆಯಲಾಗದವರ ಅನುಕೂಲ. ಅವಳಿಗೊಬ್ಬ ಅಕ್ಕ ಇದ್ದಾಳೆ. ತಾಯಿ ಸತ್ತಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಕ್ಕ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾ, ಬೆಳಗಿನಿಂದ ಸಂಜೆವರೆಗೆ ನಿಂತೇ ಇದ್ದು, ತಂಗಿಯನ್ನು ಸಾಕಿದಳು. ಮದುವೆ ಗಿದುವೆ ಅಂತ ತನಗೇನೂ ಮಾಡಿಕೊಳ್ಳಲಿಲ್ಲ. ನಿಂತೂ ನಿಂತೂ ಕಾಲುಗಳೇ ಹೋದವು. ಈಗ ಎಡಗಾಲಿನಲ್ಲಿ ವಾಸಿಯಾಗದ ಹುಣ್ಣು. ವಾರಕ್ಕೆರಡು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಟ್ಟು ಬದಲಿಸಬೇಕು. ಅವರ ಕೋಣೆ ಇರುವುದು ಗುಡ್ಡದ ಮೇಲಿನ ಓಣಿಯಲ್ಲಿ, ರಸ್ತೆಯಿಂದ ಎಪ್ಪತ್ತೆರಡು ಮೆಟ್ಟಿಲು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಇವಳೊಂದು ಕಡೆ, ಪಕ್ಕದ ಮನೆಯ ಬಡಗಿ ಇನ್ನೊಂದು ಕಡೆ ಹಿಡಿದು ಇಳಿಸುತ್ತಿದ್ದರು.

ಮಕ್ಕಳು ಇದಕ್ಕೆ ಥರ್ಮೋಕೋಲಿನಲ್ಲಿ ಗುಡ್ಡ ಮಾಡಿದರು. ದಾರ, ರಾಟೆ, ಬೆಂಕಿಪೊಟ್ಟಣದ ಕುರ್ಚಿ, ಅದರ ಮೇಲೊಂದು ಗೊಂಬೆ. ಗುಂಡಿ ಒತ್ತಿದರೆ ಗೊಂಬೆ ಜುಂ ಅಂತ ಕೆಳಗಿಳಿಯುತ್ತಿತ್ತು. ನಾನು ವರದಿಯಲ್ಲಿ, ‘ಇಂದು ಆ ಹಿರಿಯ ಜೀವ ಗುಂಡಿಯೊಂದನ್ನು ಒತ್ತಿದರೆ ಸಾಕು, ಎಪ್ಪತ್ತೆರಡು ಮೆಟ್ಟಿಲುಗಳೂ ತಲೆಬಾಗಿ ದಾರಿ ಬಿಡುತ್ತವೆ’ ಅಂತ ಬರೆದೆ. ಕಡೆಯ ಕಲಂನಲ್ಲಿ ‘ಸಮಸ್ಯೆ ಪರಿಹಾರವಾಯಿತೇ? ಹೌದು / ಇಲ್ಲ’ ಅಂತ ಇರುತ್ತದೆ. ‘ಇಲ್ಲ’ ಅಂದರೆ ಹತ್ತು ಅಂಕ ಹೋಗುತ್ತದೆ. ಹನ್ನೊಂದು ವರ್ಷದಲ್ಲಿ ಒಬ್ಬರೂ ‘ಇಲ್ಲ’ ಅಂದಿಲ್ಲ. ಆ ವರ್ಷ ಕಪ್ಪು ಬಂತು, ಕಿವಿ ಮುರಿದಿರುವುದು ಅದೇ.

ಈ ವರ್ಷದ ವಿಷಯ: ಎಐ ಬಳಸಿ ಸಮುದಾಯದ ಸಮಸ್ಯೆಗೆ ಪರಿಹಾರ. ನನ್ನ ಪಾಲಿಗೆ ಬಂದ ತಂಡದ ಮುಂದಾಳು ಒಬ್ಬ ಹುಡುಗಿ. ಎಲ್ಲರೂ ಅವಳನ್ನು ಕ್ಯಾಪ್ಟನ್ ಅನ್ನುತ್ತಾರೆ, ಯಾಕೆಂದರೆ ಅವಳು ಬಾಯಿ ತೆರೆದರೆ ಉಳಿದವರು ಮುಚ್ಚುತ್ತಾರೆ. ಮೊದಲ ಸಭೆ ನನ್ನ ತರಗತಿಯಲ್ಲೇ ನಡೆಯಿತು. ಒಬ್ಬ ಬೀದಿನಾಯಿ ಅಂದ, ಇನ್ನೊಬ್ಬಳು ಕಸ ಅಂದಳು, ಮೂರನೆಯವನು ಟ್ರಾಫಿಕ್ ಅಂತ ಹೇಳಿ ಅದಕ್ಕೊಂದು ಚಿತ್ರವನ್ನೂ ಬರೆದುಬಿಟ್ಟ. ಕ್ಯಾಪ್ಟನ್ ಮೂರನ್ನೂ ಅಳಿಸಿದಳು. ‘ಊರ ಉಸಾಬರಿ ನಮಗ್ಯಾಕೆ? ನಮ್ಮ ಗೇಟಿನ ಹತ್ರಾನೇ ಸಮಸ್ಯೆ ಇದೆಯಲ್ಲ’ ಅಂದಳು.

ಇತ್ತು, ನಿಜ. ಗೇಟಿನ ಪಕ್ಕದ ಕಾವಲುಗಾರನ ಮನೆ ಖಾಲಿಯಾಗಿತ್ತು. ಕಾವಲುಗಾರ ನಿವೃತ್ತನಾಗಿ ಮಗಳ ಮನೆ ಸೇರಿದ. ಅವನ ಬದಲು ಕ್ಯಾಮೆರಾ ಬಂತು, ಕ್ಯಾಮೆರಾಕ್ಕೆ ಮನೆ ಬೇಡ. ಎರಡು ಕೋಣೆ, ಒಂದು ಬಚ್ಚಲು, ಹೊಸ್ತಿಲು ಬಿಟ್ಟರೆ ಏರುವುದು ಇಳಿಯುವುದು ಏನೂ ಇಲ್ಲ. ತೀರಾ ಅಗತ್ಯ ಇರುವ ಸಿಬ್ಬಂದಿಗೆ ಕೊಡುತ್ತೇವೆ ಅಂತ ನೋಟಿಸು ಹಾಕಿದ್ದೇ ತಡ, ಒಂಬತ್ತು ಅರ್ಜಿ ಬಂದವು. ಸ್ಟಾಫ್ ರೂಮಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ನಿಂತಿತು. ಒಂಬತ್ತರಲ್ಲಿ ಒಂದು ಅರ್ಜಿ ಆಯಮ್ಮನದು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅವಳು ಶಾಲೆಯಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬಡಗಿ ಬೇರೆ ಊರಿಗೆ ಹೋಗಿಬಿಟ್ಟಿದ್ದ. ಕುರ್ಚಿ ಹಿಡಿಯಲು ಆಳಿಲ್ಲದೆ ಹಿಂದಿನ ತಿಂಗಳು ಎರಡು ಸಲ ಕಟ್ಟು ತಪ್ಪಿತ್ತು. ‘ಇನ್ನು ಹೀಗೇ ತಪ್ಪಿಸಿದರೆ ಕಾಲು ತೆಗೆಯಬೇಕಾಗುತ್ತೆ’ ಅಂತ ಡಾಕ್ಟರು ಹೇಳಿದ್ದರು.

ಮಕ್ಕಳ ಯೋಜನೆ ಸರಳ. ಶಾಲೆಯಲ್ಲಿರುವ ಎಲ್ಲ ಕಾಗದಗಳನ್ನೂ, ಅಂದರೆ ಹಾಜರಿ, ರಜೆ ಅರ್ಜಿ, ವಾರ್ಷಿಕ ಸಂಚಿಕೆ, ವರದಿಗಳು, ಎಲ್ಲವನ್ನೂ ಎಐಗೆ ಓದಿಸುವುದು. ಯಾರ ಅಗತ್ಯ ಎಷ್ಟು ಅಂತ ಅದು ನೂರಕ್ಕೆ ಅಂಕ ಕೊಡುವುದು. ಶಿಫಾರಸಿಲ್ಲ, ದಾಕ್ಷಿಣ್ಯವಿಲ್ಲ. ‘ಆಯಮ್ಮನಿಗೆ ಫಸ್ಟ್ ಬರುತ್ತೆ ಟೀಚರ್, ನೋಡ್ತಿರಿ’ ಅಂತ ಕ್ಯಾಪ್ಟನ್ ಕಣ್ಣು ಮಿಟುಕಿಸಿದಳು. ಅವಳ ಒಳ ಆಸೆಯೂ ಅದೇ ಇತ್ತು. ಯಾರೂ ಪಕ್ಷಪಾತ ಅನ್ನಬಾರದು ಅಂತ ಅವರೇ ಒಂದು ನಿಯಮ ಬರೆದುಕೊಂಡರು: ಫಲಿತಾಂಶ ನೋಡಿದ ಮೇಲೆ ಒಂದು ಕಾಗದವನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಎಂಥ ಪ್ರಾಮಾಣಿಕ ನಿಯಮ ಅಂತ ನಾನು ಅವರ ಬೆನ್ನು ತಟ್ಟಿದೆ.

ಹೆಡ್ ಮೇಡಂಗಂತೂ ಸ್ವರ್ಗಕ್ಕೆ ಮೂರೇ ಗೇಣು. ಒಬ್ಬರಿಗೆ ಕೊಟ್ಟರೆ ಎಂಟು ಜನರ ಶಾಪ. ಈಗ ಬೈಯುವುದಿದ್ದರೆ ಯಂತ್ರವನ್ನು ಬೈಯಲಿ. ‘ಅದು ಹೇಳಿದವರಿಗೇ ಕೊಡೋಣ’ ಅಂತ ಅಂದೇ ಸುತ್ತೋಲೆ ಹೊರಡಿಸಿದರು.

ಹದಿನೈದು ದಿನ ಮಕ್ಕಳು ಕೂತು ಒಂದೊಂದು ಕಾಗದದ ಫೋಟೋ ತೆಗೆದು ಏರಿಸಿದರು. ಆಯಮ್ಮ ಅವರಿಗೆ ಕಪಾಟುಗಳ ಧೂಳು ಕೊಡವಿ ಹಳೆಯ ಕಟ್ಟುಗಳನ್ನು ತೆಗೆದುಕೊಟ್ಟಳು. ಹನ್ನೊಂದು ವರದಿಗಳನ್ನೂ ತಾನೇ ಸೆರಗಿನಲ್ಲಿ ಒರೆಸಿ, ಪುಟ ಹರಿಯದ ಹಾಗೆ ಬಿಡಿಸಿ ಹಿಡಿದಳು.

ಫಲಿತಾಂಶ ಬಂದ ದಿನ ನಾಲ್ವರೂ ನನ್ನ ಮೇಜಿನ ಸುತ್ತ ನಿಂತಿದ್ದರು. ಪಟ್ಟಿಯ ತುದಿಯಲ್ಲಿ ತೊಂಬತ್ತಮೂರು ಅಂಕ ಪಡೆದು ನಮ್ಮ ಲ್ಯಾಬ್ ಸಹಾಯಕ ಕೂತಿದ್ದ. ಅವನಿಗೆ ಸ್ಟಾಫ್ ರೂಮಿನಲ್ಲಿ ರಜೆ ಮೇಷ್ಟ್ರು ಅಂತ ಹೆಸರು. ಪೇಟೆಯಲ್ಲಿ ಮಾವ ಕಟ್ಟಿಸಿಕೊಟ್ಟ ಎರಡಂತಸ್ತಿನ ಮನೆ ಇದೆ. ಆದರೆ ಏಳು ವರ್ಷದಲ್ಲಿ ಅವನು ಬರೆದ ರಜೆ ಅರ್ಜಿಗಳು ನೂರ ಹದಿನಾಲ್ಕು. ಮನೆ ಸೋರಿದ್ದು ಇಪ್ಪತ್ತು ಸಲ, ಗೋಡೆ ಬಿದ್ದದ್ದು ಆರು ಸಲ, ಸೊಂಟ ಹಿಡಿದದ್ದು ಲೆಕ್ಕವಿಲ್ಲ, ಅಜ್ಜಿಯರು ತೀರಿಕೊಂಡದ್ದು ಐದು ಜನ. ಎಐ ಪ್ರತಿಯೊಂದನ್ನೂ ನಂಬಿತು. ಪಾಪ, ಅದಕ್ಕೆ ಅವನ ಪರಿಚಯವಿಲ್ಲ. ‘ಈ ಅರ್ಜಿದಾರರು ದೀರ್ಘಕಾಲದಿಂದ ಅಪಾಯಕಾರಿ ಕಟ್ಟಡದಲ್ಲಿ ಬದುಕುತ್ತಿದ್ದಾರೆ ಮತ್ತು ಸತತ ಸಾವುಗಳಿಂದ ನೊಂದಿದ್ದಾರೆ’ ಅಂತ ಕನಿಕರಪಟ್ಟಿತ್ತು.

ಆಯಮ್ಮ ಒಂಬತ್ತನೆಯವಳು, ಕಟ್ಟಕಡೆ. ನಾಲ್ಕು ಅಂಕ.

ಕಾರಣವನ್ನೂ ಅದು ಬಹಳ ವಿನಯದಿಂದ ಬರೆದಿತ್ತು. ‘ಈ ಅರ್ಜಿದಾರರ ಮನೆಯಲ್ಲಿ ಸೌರ ದೀಪ, ಶುದ್ಧ ನೀರಿನ ಘಟಕ, ತಾರಸಿ ತೋಟ ಮತ್ತು ಗುಂಡಿ ಒತ್ತಿದರೆ ಇಳಿಯುವ ಮೆಟ್ಟಿಲು ಕುರ್ಚಿ ಇವೆ. ಇಪ್ಪತ್ತೆಂಟು ವರ್ಷಗಳಲ್ಲಿ ಇವರು ತೊಂದರೆಯ ಕಾರಣಕ್ಕೆ ಒಮ್ಮೆಯೂ ರಜೆ ಪಡೆದಿಲ್ಲ. ಇವರ ಮನೆಯು ಮಾದರಿ ಮನೆಯಾಗಿದೆ. ಈಗಿನ ವಾಸಸ್ಥಳವನ್ನು ಬಿಡುವುದು ಇವರ ಅಕ್ಕನ ಹಿತಕ್ಕೆ ಒಳ್ಳೆಯದಲ್ಲ.’ ಮಾದರಿ ಮನೆ ಅನ್ನುವುದು ನನ್ನದೇ ಮಾತು. ಐದನೇ ವರದಿ, ಕಡೆಯ ಪುಟ. ರಜೆ ಹಾಕದಿದ್ದದ್ದೂ ಹೌದು. ಅವಳು ಆಸ್ಪತ್ರೆಗೆ ಹೋಗುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ.

‘ಟೀಚರ್, ಇದೆಲ್ಲಾ ಅವರ ಮನೇಲಿ ಇದೆಯಾ?’ ಕ್ಯಾಪ್ಟನ್ ಕೇಳಿದಳು.

‘ಇಲ್ಲ.’

‘ಹಾಗಾದ್ರೆ ಇವೆಲ್ಲ ಸುಳ್ಳಾ?’

‘ಸುಳ್ಳಲ್ಲ ಮರಿ. ಅಲಂಕಾರ.’

ಅವಳು ನನ್ನ ಮುಖ ನೋಡಿದ ರೀತಿಯನ್ನು ನಾನು ಬರೆಯುವುದಿಲ್ಲ. ಒಬ್ಬ ಹುಡುಗ, ‘ವರದಿಗಳನ್ನ ತೆಗೆದು ಮತ್ತೆ ಓದಿಸೋಣ’ ಅಂದ. ಇನ್ನೊಬ್ಬಳು ಗೋಡೆಗೆ ಅಂಟಿಸಿದ್ದ ನಿಯಮ ತೋರಿಸಿದಳು. ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಅಷ್ಟರಲ್ಲಿ ಪಟ್ಟಿ ಹೆಡ್ ಮೇಡಂ ಫೋನಿಗೂ ಹೋಗಿಯಾಗಿತ್ತು. ರಜೆ ಮೇಷ್ಟ್ರು ಆಗಲೇ ಮನೆಯ ಕಿಟಕಿಗೆ ಅಳತೆ ಹಿಡಿಯುತ್ತಿದ್ದ. ಅಳುವ ಮಗುವಿಗೇ ಹಾಲು ಅಂತಾರಲ್ಲ, ಇವನು ಅರ್ಜಿಯಲ್ಲೇ ಅತ್ತು ಕೊಡ ತುಂಬಿಸಿಕೊಂಡಿದ್ದ.

ಆದರೂ ಮಕ್ಕಳು ಬಿಡಲಿಲ್ಲ, ಹಠ ಹಿಡಿದು ಆಡಳಿತ ಸಮಿತಿಯ ಮುಂದೆ ವಿಚಾರಣೆ ಇಡಿಸಿದರು. ಶನಿವಾರ ಬೆಳಿಗ್ಗೆ ಸಭೆ. ಉದ್ದ ಮೇಜಿನ ಆ ಕಡೆ ಹೆಡ್ ಮೇಡಂ ಮತ್ತು ಸಮಿತಿಯ ಇಬ್ಬರು ಹಿರಿಯರು. ಅವರಲ್ಲೊಬ್ಬರ ಮಗ ಆ ಥರ್ಮೋಕೋಲ್ ಗುಡ್ಡ ಮಾಡಿದವನು, ಈಗ ಎಂಜಿನಿಯರ್. ಈ ಕಡೆ ನಾನು, ನಾಲ್ಕು ಮಕ್ಕಳು. ಗೋಡೆಯ ಮೇಲೆ ನನಗೆ ಬಂದ ಉತ್ತಮ ಮಾರ್ಗದರ್ಶಕಿ ಪ್ರಶಸ್ತಿಯ ಫೋಟೋ, ಅದೂ ಅವೇ ವರದಿಗಳಿಗೆ ಬಂದದ್ದು. ಆಯಮ್ಮನನ್ನು ಕರೆಸಿದರು. ಕೈ ಒದ್ದೆಯಿತ್ತು, ಬಾಗಿಲಲ್ಲೇ ಒರೆಸಿಕೊಂಡು ಒಳಗೆ ಬಂದಳು.

‘ಈ ವರದೀಲಿ ಇರೋದೆಲ್ಲ ನಿಜಾನೇನಮ್ಮ?’ ಹೆಡ್ ಮೇಡಂ ಕೇಳಿದರು.

ಅವಳು ಮೇಜಿನ ಮೇಲಿದ್ದ ಹನ್ನೊಂದು ರಟ್ಟುಗಳನ್ನು ನೋಡಿದಳು. ಎಂಜಿನಿಯರನ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ‘ಬರೆದಿದ್ದು ಟೀಚರ್. ಟೀಚರನ್ನೇ ಕೇಳಿ ಮೇಡಂ’ ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಒಂದೇ ಮಾತು ಸಾಕಿತ್ತು. ‘ಕಾಗೆ ಹಾರಿಸಿದ್ದೇವೆ, ಹನ್ನೊಂದನ್ನೂ ಹಾರಿಸಿದವಳು ನಾನು’ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಮೂವತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದ ನನ್ನ ಬಾಯಿಂದ ಬಂದದ್ದು ಇದು: ‘ವರದಿಗಳು ವಿದ್ಯಾರ್ಥಿಗಳ ಪ್ರಾಮಾಣಿಕ ಪರಿಶ್ರಮದ ಫಲ. ಕಾಲಾನಂತರದಲ್ಲಿ ಕೆಲವು ಸೌಲಭ್ಯಗಳ ಸ್ಥಿತಿಗತಿಯಲ್ಲಿ ವ್ಯತ್ಯಾಸ ಆಗಿರಬಹುದು.’

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಯಮ್ಮನ ಮನೆ ಹೋಯಿತು. ‘ರಿಪೇರಿ ಮಾಡಿಸಿಕೊಳ್ಳಲಿ ಬಿಡಿ’ ಅಂದರು ಎಂಜಿನಿಯರನ ಅಪ್ಪ, ಆ ಬೆಂಕಿಪೊಟ್ಟಣದ ಕುರ್ಚಿಯನ್ನು. ಸಹಿ ಬಿತ್ತು.

ಹೊರಗೆ ಕಾರಿಡಾರಿನಲ್ಲಿ ಅವಳು ಆಗಲೇ ಬಕೆಟ್ ಎತ್ತಿಕೊಂಡಿದ್ದಳು. ನಾನು ಹಿಂದೆ ಹೋದೆ. ‘ನೀನಾದರೂ ಹೇಳಬಾರದಿತ್ತೇನೇ, ಇದ್ಯಾವುದೂ ಇಲ್ಲ ಅಂತ?’ ಅಂದೆ. ಎಂಥ ನಾಚಿಕೆಗೆಟ್ಟ ಮಾತು ನೋಡಿ, ತಪ್ಪನ್ನು ಅವಳ ತಲೆಗೇ ಕಟ್ಟಲು ಹೊರಟಿದ್ದೆ.

ಅವಳಿಗೆ ಸಿಟ್ಟು ಬರಲಿಲ್ಲ. ‘ನಾನು ಹೇಳಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು. ನೀವೇ ಹೇಳಿದ್ರೆ ಉಳೀತಿತ್ತು’ ಅಂದಳು. ‘ನೀವು ಹೇಳ್ತೀರಿ ಅಂದ್ಕೊಂಡಿದ್ದೆ ಟೀಚರ್.’ ಅಷ್ಟು ಹೇಳಿ ನೆಲ ಒರೆಸಲು ಹೋದಳು.

ಭಾನುವಾರ ಇಡೀ ಕೂತು ಪತ್ರ ಬರೆದೆ. ಒಂದೂ ಅಲಂಕಾರವಿಲ್ಲದೆ. ಹನ್ನೊಂದೂ ಕಟ್ಟುಕಥೆ, ಹೊಣೆ ನನ್ನದು, ಪ್ರಶಸ್ತಿ ವಾಪಸು, ಮನೆ ಅವಳಿಗೆ ಕೊಡಿ. ಸೋಮವಾರ ಹೆಡ್ ಮೇಡಂ ಎರಡು ಸಲ ಓದಿದರು. ‘ಚೆನ್ನಾಗಿ ಬರೆದಿದ್ದೀರಿ, ಯಾವಾಗಿನ ಹಾಗೇ’ ಅಂದರು. ‘ಆದರೆ ಇದನ್ನ ನಂಬೋದು ಹೇಗೆ? ಹನ್ನೊಂದು ಸಲ ಇದೆ ಅಂತ ಬರೆದು ಸಹಿ ಹಾಕಿದ್ದೂ ನೀವೇ, ಇಲ್ಲ ಅಂತ ಬರೆದಿರೋದೂ ನೀವೇ. ಇದನ್ನೂ ಎಐಗೆ ಓದಿಸಿದರೆ ಹನ್ನೊಂದಕ್ಕೆ ಒಂದು ಅನ್ನುತ್ತೆ. ಶನಿವಾರ ಹೇಳಿದ್ದಿದ್ದರೆ ಮಾತು ಬೇರೆ ಇತ್ತು. ಈಗ ಆದೇಶ ಆಗಿಹೋಗಿದೆ.’ ಪತ್ರವನ್ನು ಫೈಲಿಗೆ ಸೇರಿಸಿದರು. ಮಾಡಿದ್ದುಣ್ಣೋ ಮಹರಾಯ ಅಂತ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತಿದ್ದೆ, ನನಗೇ ವಿಸ್ತರಿಸಿ ತೋರಿಸಿದರು.

ಮಕ್ಕಳ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂತು. ಫಲಾನುಭವಿಯ ಜಾಗದಲ್ಲಿ ರಜೆ ಮೇಷ್ಟ್ರು ಬೀಗದ ಕೈ ಎತ್ತಿ ಹಿಡಿದು ನಿಂತ. ಫೋಟೋಗೆ ಕ್ಯಾಪ್ಟನ್ ಬರಲಿಲ್ಲ. ‘ಸಮಸ್ಯೆ ಪರಿಹಾರವಾಯಿತೇ?’ ಅನ್ನುವ ಕಡೆ ಅವಳು ‘ಇಲ್ಲ’ ಅಂತ ಗುರುತು ಹಾಕಿದ್ದಳಂತೆ. ತೀರ್ಪುಗಾರರು ಕೈತಪ್ಪಿನಿಂದ ಆಗಿರಬೇಕು ಅಂತ ತಿದ್ದಿಕೊಂಡರು.

ಅದಾದ ಮೇಲೆ ಒಂದು ಮಂಗಳವಾರ ಶಾಲೆ ಬಿಟ್ಟಾಗ ನಾಲ್ವರೂ ಮನೆ ಕಡೆ ಹೋಗದೆ ಗುಡ್ಡದ ರಸ್ತೆ ಹಿಡಿದದ್ದನ್ನು ನೋಡಿದೆ. ಯಾರಿಗೂ ಹೇಳಿರಲಿಲ್ಲ, ನನಗಂತೂ ಹೇಳಿರಲಿಲ್ಲ. ಹಿಂದೆಯೇ ಹೋದೆ. ಅವರು ಸರಸರ ಏರಿದರು. ನಾನು ನಲವತ್ತನೇ ಮೆಟ್ಟಿಲಿಗೆ ಏದುಸಿರು ಬಿಡುತ್ತಾ ಕೂತುಬಿಟ್ಟೆ. ಕೂತಾಗ ಹೊಳೆಯಿತು: ಈ ಮನೆಯ ಬಗ್ಗೆ ಹನ್ನೊಂದು ಸಲ ಬರೆದಿದ್ದೇನೆ, ಈ ಮೆಟ್ಟಿಲು ಹತ್ತುತ್ತಿರುವುದು ಇದೇ ಮೊದಲು.

ಮೇಲೆ ಒಂದೇ ಕೋಣೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ತಲೆಯ ಮೇಲೆ ತಗಡು, ತಾರಸಿ ಎಲ್ಲಿಂದ ಬರಬೇಕು. ಅಕ್ಕ ಕುರ್ಚಿಯಲ್ಲಿ ಸಿದ್ಧವಾಗಿ ಕೂತಿದ್ದಳು, ಎಡಗಾಲಿಗೆ ಹಳೆಯ ಕಟ್ಟು. ಎರಡು ಮಕ್ಕಳು ಆಗಲೇ ಕುರ್ಚಿಯ ಹಿಂದೆ ನಿಂತಿದ್ದರು. ಕ್ಯಾಪ್ಟನ್ ನನ್ನನ್ನು ನೋಡಿ, ‘ಪರೀಕ್ಷೆವರೆಗೂ ನಾವು ಬರ್ತೀವಿ ಟೀಚರ್. ಆಮೇಲೆ ಏನು ಮಾಡೋದು ಗೊತ್ತಿಲ್ಲ. ಇದನ್ನ ಎಲ್ಲೂ ಬರೀಬೇಡಿ’ ಅಂದಳು. ಬರೆಯುವುದಿಲ್ಲ ಅಂದೆ. ಬರೆಯುತ್ತಿದ್ದೇನೆ, ಆ ಮಾತೂ ಹೋಯಿತು.

‘ಯಾರೇ ಬಂದಿದ್ದು?’ ಅಕ್ಕ ಕೇಳಿದಳು.

‘ನಮ್ಮ ಟೀಚರ್ ಅಕ್ಕ’ ಅಂದಳು ಆಯಮ್ಮ. ‘ನಮ್ಮನೆ ಬಗ್ಗೆ ಬರೀತಾರಲ್ಲ, ಅವರು.’

ಅಕ್ಕನ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದುಕೊಂಡಳು. ‘ನೀವೇನಾ ತಾಯಿ? ಇವಳು ಪ್ರತಿ ವರ್ಷ ತಂದು ಓದಿ ಹೇಳ್ತಾಳೆ. ನಾನೇ ಇನ್ನೊಂದು ಸಲ ಓದೇ ಅಂತೀನಿ. ಎಷ್ಟು ಚೆನ್ನಾಗಿರುತ್ತೆ ಆ ಮನೆ! ಕೇಳ್ತಾ ಇದ್ರೆ, ಒಂದೇ ಒಂದು ದಿನ ಅಂಥ ಮನೇಲಿ ಇದ್ದು ಸಾಯ್ಬೇಕು ಅನ್ಸುತ್ತೆ.’

ನಾನು ಬಗ್ಗಿ ಕುರ್ಚಿಯ ಮುಂದಿನ ಕಾಲು ಹಿಡಿದುಕೊಂಡೆ.